ಹೆಸರು ಓದುವ ವಸಂತಸೇವಕ

ಹಸಿ ಸುಣ್ಣದ ವಾಸನೆ ಮೂಗಿಗೆ ಬಿದ್ದರೆ ಸಾಕು, ವಿಶಾಲಾಕ್ಷಮ್ಮನವರಿಗೆ ಮತ್ತೆ ಏಳು ವರ್ಷ ವಯಸ್ಸು. ತವರಿನಲ್ಲಿ ಯುಗಾದಿಗೆ ಎಂಟು ದಿನ ಮೊದಲೇ ಹಂಡೆಯಲ್ಲಿ ಸುಣ್ಣ ಕೊತಕೊತ ಅನ್ನುತ್ತಿತ್ತು. ಆ ವಾಸನೆಗೇ ಮನೆಮಂದಿಯೆಲ್ಲ ಸೆರಗು ಬಿಗಿದು, ಪಂಚೆ ಮೇಲೆ ಕಟ್ಟಿ ಕೆಲಸಕ್ಕಿಳಿಯುತ್ತಿದ್ದರು. ಈಗ ಅರವತ್ತೆರಡರಲ್ಲಿ, ಚನ್ನರಾಯಪಟ್ಟಣದ ತಮ್ಮ ಮನೆಯ ಕಾಂಪೌಂಡಿಗೆ ಸುಣ್ಣ ಬಳಿಸಿ ಅವರು ಕೈ ತೊಳೆಯುತ್ತಿದ್ದಾಗ ಹಿತ್ತಲಿನಿಂದ ಗಂಡನ ಕೂಗು ಬಂತು.

"ಇವಳೇ, ಬಾ ಇಲ್ಲಿ! ನೀನು ಸೊಂಟ ಹಿಡ್ಕೊಂಡು ಮನೆ ಚೊಕ್ಕ ಮಾಡೋ ಕಾಲ ಮುಗೀತು!"

ಪಟ್ಟಾಭಿರಾಯರು ಐಟಿಐ ಮೇಷ್ಟ್ರಾಗಿ ನಿವೃತ್ತರಾದವರು. ಆಮೇಲೆ ಕಂಡುಹಿಡಿದದ್ದು ಹದಿನಾಲ್ಕು ಯಂತ್ರ. ಹದಿಮೂರು ಅಟ್ಟ ಸೇರಿದ್ದವು. ಹದಿನಾಲ್ಕನೆಯದು ಎದುರಿಗೆ ನಿಂತಿತ್ತು: ದುಂಡು ಹೊಟ್ಟೆ, ಮೂರು ಚಕ್ರ, ಎರಡು ಉದ್ದ ಕೈ, ನೆತ್ತಿಯ ಮೇಲೆ ಒಂಟಿ ಕಣ್ಣು, ಬೆನ್ನಿಗೊಂದು ಗಾಡಿ.

"ಇದು ವಸಂತಸೇವಕ! ಮನೆ ಗುಡಿಸತ್ತೆ, ಪಾತಿ ಕೆದಕತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಓದತ್ತೆ!"

"ಓದಿ ಏನು, ಪರೀಕ್ಷೆ ಬರೀಬೇಕಾ?"

"ಅಡುಗೆಮನೆ ತುಂಬ ಊರವರ ಪಾತ್ರೆ ಸೇರ್ಕೊಂಡಿದೆ. ಹೆಸರು ಓದಿ ಅವರವರ ಮನೆಗೆ ಮುಟ್ಟಿಸತ್ತೆ. ಬೀದಿಯವರ ಮನೆಯೆಲ್ಲ ಇದಕ್ಕೆ ಗೊತ್ತು!"

ಮೊದಲ ಕಾಲು ಗಂಟೆ ಅದು ಬಂಗಾರದಂಥ ಕೆಲಸ ಮಾಡಿತು. ಜೇಡರ ಬಲೆ ತೆಗೆಯಿತು, ಒಣಗಿದ ಎಲೆ ಗುಡ್ಡೆ ಹಾಕಿತು, ಗುಲಾಬಿ ಗಿಡದ ಬುಡಕ್ಕೆ ಗೊಬ್ಬರ ಕೊಟ್ಟಿತು. ವಿಶಾಲಾಕ್ಷಮ್ಮ ಮನಸ್ಸಿನಲ್ಲೇ ಮೆಚ್ಚಿಕೊಂಡರು. ಬಾಯಿಬಿಟ್ಟು ಹೇಳಿದರೆ ಹದಿನೈದನೆಯದು ಹುಟ್ಟುತ್ತದಲ್ಲ!

ಸ್ನಾನ ಮುಗಿಸಿ ಬಂದರೆ ಅಡುಗೆಮನೆ ಬಟಾಬಯಲು!

"ರೀ! ನನ್ನ ಮದುವೆ ಪಾತ್ರೆಗಳೆಲ್ಲ ಎಲ್ಲಿ?"

"ಹೆಸರಿದ್ದದ್ದನ್ನ ಆ ಹೆಸರಿನವರಿಗೆ..." ರಾಯರ ದನಿ ಇಳಿಯಿತು.

"ಅಯ್ಯೋ, ಪಾತ್ರೆ ಮೇಲೆ ಕೊಟ್ಟವರ ಹೆಸರು ಕೆತ್ತಿಸಿರ್ತಾರೆ ಕಣ್ರೀ! ಮದುವೆಗೆ ಬಂದ ಉಡುಗೊರೆನೆಲ್ಲ ಹಬ್ಬದ ಹಿಂದಿನ ದಿನ ವಾಪಸ್ ಕಳಿಸಿದ್ದೀರಲ್ಲ!"

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಗೌರಮ್ಮ ಹಿತ್ತಾಳೆ ತಪ್ಪಲೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ವಿಶಾಲಮ್ಮಾ, ನಲವತ್ತು ವರ್ಷ ಆದ್ಮೇಲೆ ಇದು ಚೆನ್ನಾಗಿಲ್ಲ ಅನ್ನಿಸ್ತೇನು?"

ವಿಶಾಲಾಕ್ಷಮ್ಮನವರ ಕಣ್ಣು ಕೈತೋಟಕ್ಕೆ ಹೋಗಿತ್ತು. ಯಾವ ಗಿಡದ ಕಡ್ಡಿ ಯಾರ ಮನೆಯಿಂದ ಬಂದದ್ದೆಂದು ಮರೆಯದಿರಲಿ ಎಂದು ಅವರು ಕುಂಡಗಳ ಮೇಲೆ ಹೆಸರು ಬರೆದಿಟ್ಟಿದ್ದರು. ಒಂದು ಕುಂಡವೂ ಇಲ್ಲ! ಸುಭದ್ರೆಯ ಮಲ್ಲಿಗೆಯೂ ಇಲ್ಲ!

ಸುಭದ್ರೆ ಅವರ ಓರಗಿತ್ತಿ, ರಾಯರ ತಮ್ಮನ ಹೆಂಡತಿ. ಯಾರದೋ ನಾಮಕರಣದಲ್ಲಿ ವಿಶಾಲಾಕ್ಷಮ್ಮ ತನ್ನನ್ನು ಕುಂಕುಮಕ್ಕೆ ಕರೆಯಲಿಲ್ಲ ಎಂದು ಮುನಿಸಿಕೊಂಡವಳು ನಾಲ್ಕು ವರ್ಷ ಮಾತು ಬಿಟ್ಟಿದ್ದಳು. ಹದಿನೈದು ದಿನದ ಹಿಂದೆ, ಮಾತಿಲ್ಲದೆ, ಒಂದು ಮಲ್ಲಿಗೆ ಗಿಡ ಕಳಿಸಿದ್ದಳು. ಈಗ ಅದೇ ಗಿಡ ಅವಳ ಬಾಗಿಲಿಗೆ ವಾಪಸ್ ಹೋದರೆ ಇನ್ನೇನು ಉಳಿಯಿತು?

ವಿಶಾಲಾಕ್ಷಮ್ಮ ಬರಿಗಾಲಲ್ಲೇ ಗೇಟಿನತ್ತ ಓಡಿದರು. ಪುಟ್ಟಗೌರಮ್ಮ ಏನೂ ಕೇಳದೆ ತಮ್ಮ ಚಪ್ಪಲಿ ಬಿಚ್ಚಿ ಅವರ ಮುಂದೆ ತಳ್ಳಿದರು. ಮಧ್ಯಾಹ್ನದ ಟಾರು ಕಾದ ಕಾವಲಿಯಾಗಿತ್ತು.

ಬೀದಿಯೋ, ಪಾತ್ರೆಗಳ ಮೆರವಣಿಗೆ! ವಸಂತಸೇವಕ ಹೊಕ್ಕ ಮನೆಯಲ್ಲೆಲ್ಲ ಮತ್ತೊಬ್ಬರ ಹೆಸರು ಕಂಡು, ಅದನ್ನೂ ಗಾಡಿಗೆ ತುಂಬುತ್ತಿತ್ತು. ಟೈಲರ್ ಮನೆಯ ಇಡ್ಲಿ ಪಾತ್ರೆ ಪೋಸ್ಟ್‌ಮ್ಯಾನ್ ಮನೆಯಲ್ಲಿ, ಅವರ ಬೋಗುಣಿ ಇವರಲ್ಲಿ. ಬೇಳೆ ಬೇಯುತ್ತಿದ್ದ ಕುಕ್ಕರ್ ಒಂದು ನಾಲ್ಕು ಮನೆ ಸುತ್ತಿ ಐದನೆಯದರಲ್ಲಿ ಕೂಗಿತು! ರಾಯರು ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದರು.

"ಸ್ವಿಚ್ ಎಲ್ಲಿದೆ ರೀ?"

"ಹೊಟ್ಟೆಯೊಳಗೆ!"

"ಹೊರಗೆ ಇಟ್ಟಿದ್ರೆ ಏನಾಗ್ತಿತ್ತು?"

"ಅಂದ ಕೆಡ್ತಿತ್ತು!"

ಬೀದಿಯ ಕೊನೆಯ ಮನೆ ಸುಭದ್ರೆಯದು. ಮೆಟ್ಟಿಲ ಮೇಲೆ ಮಲ್ಲಿಗೆ ಕುಂಡ ಆಗಲೇ ಕೂತಿತ್ತು. ವಿಶಾಲಾಕ್ಷಮ್ಮನವರ ಕಾಲು ಅಲ್ಲೇ ನಿಂತಿತು. ಒಳಗಿನಿಂದ ಗದ್ದಲ ಕೇಳಿಸಿತು.

"ಬಿಡೋ, ಬಿಡು! ಈ ಬಿಂದಿಗೆ ನಮ್ಮಕ್ಕ ಕೊಟ್ಟಿದ್ದು! ನನ್ನ ಗೃಹಪ್ರವೇಶಕ್ಕೆ ಕೊಟ್ಟಿದ್ದು! ಕೊಡಲ್ಲ ಅಂದ್ರೆ ಕೊಡಲ್ಲ!"

ತಾಮ್ರದ ಬಿಂದಿಗೆಯ ಕಂಠ ಯಂತ್ರದ ಕೈಯಲ್ಲಿ, ಬುಡ ಸುಭದ್ರೆಯ ತೋಳಿನಲ್ಲಿ. ಬಿಂದಿಗೆಯ ಮೇಲೆ 'ವಿಶಾಲಾಕ್ಷಿ' ಎಂದು ಕೆತ್ತಿದ್ದು ಫಳಫಳ ಹೊಳೆಯುತ್ತಿತ್ತು. ದಿನವೂ ಬೆಳಗಿದ ಬಿಂದಿಗೆ! ವಿಶಾಲಾಕ್ಷಮ್ಮನವರ ಎದೆಯಿಂದ ಒಂದು ಬಂಡೆ ಇಳಿದಂತಾಯಿತು.

"ಅಕ್ಕಾ, ನೋಡ್ತಾ ನಿಂತಿದ್ದೀರಲ್ಲ! ಎಡಗಡೆ ಹಿಡ್ಕೊಳ್ಳಿ!"

ನಾಲ್ಕು ವರ್ಷದ ಮೇಲೆ ಆಡಿದ ಮೊದಲ ಮಾತು ಅದೆಂದು ಸುಭದ್ರೆಗೆ ಹೊಳೆಯಲೇ ಇಲ್ಲ. ಇಬ್ಬರೂ ಕೂಡಿ ಎಳೆದ ರಭಸಕ್ಕೆ ವಸಂತಸೇವಕ ಧಡಾರನೆ ಅಂಗಾತ ಬಿತ್ತು. ಹೊಟ್ಟೆಯ ತಳದಲ್ಲಿ ಅಕ್ಷರಗಳು: 'ಅಡುಗೆ ನಂಜುಂಡಯ್ಯ'.

"ರೀ, ಇದರ ಹೊಟ್ಟೆ ಎಲ್ಲಿಂದ ತಂದ್ರಿ?"

"ಹೋದ ವರ್ಷ ಅಡುಗೆಗೆ ಬಂದಾಗ ಅವರು ನಮ್ಮನೇಲಿ ಬಿಟ್ಟುಹೋದ ಕೊಪ್ಪರಿಗೆ," ಎಂದರು ರಾಯರು. "ವಾಪಸ್ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಯಂತ್ರ ಒಂಟಿ ಕಣ್ಣು ಬಗ್ಗಿಸಿ ತನ್ನ ಹೊಟ್ಟೆಯನ್ನು ತಾನೇ ಓದಿಕೊಂಡಿತು. ಎದ್ದಿತು. ಎರಡೂ ಕೈಯಿಂದ ಹೊಟ್ಟೆಯನ್ನು ಭದ್ರವಾಗಿ ಹಿಡಿದು, ತನ್ನನ್ನು ತಾನೇ ಹಿಂದಿರುಗಿಸಲು ನಂಜುಂಡಯ್ಯನವರ ಮನೆಯತ್ತ ಗಂಭೀರವಾಗಿ ಹೊರಟಿತು! ರಾಯರು ಅದರ ಹಿಂದೆ.

"ಸುಭದ್ರಾ, ಮಲ್ಲಿಗೆ ನಾನು ವಾಪಸ್ ಕಳಿಸಿದ್ದಲ್ಲ ಕಣೆ."

"ಗೊತ್ತು ಬಿಡಿ ಅಕ್ಕ. ಭಾವನೋರ ಕೆಲಸ ಅಂತ ಆಗ್ಲೇ ಅಂದ್ಕೊಂಡೆ. ನನ್ನ ಈಳಿಗೆಮಣೇನೂ ಹೋಯ್ತು."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಒಲೆಯ ಮೇಲೆ ಉಳಿದಿದ್ದ ಒಂದೇ ಪಾತ್ರೆಯಿಂದ ಬಿಸಿ ಹುಳಿ ಅನ್ನ ಬಾಳೆ ಎಲೆಗೆ ಬಡಿಸಿ ತಂದು ಅಕ್ಕನ ಕೈಗಿಟ್ಟಳು. ತುಪ್ಪ ಸ್ವಲ್ಪ ಹೆಚ್ಚೇ ಬಿದ್ದಿತ್ತು.