ಗುರುವಾರದ ಜುಮ್ಮಾ

ದಿನಾಂಕ ತಪ್ಪಿದ ವಾಕ್ಯವನ್ನು ಕಂಡರೆ ನನಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಮೂವತ್ತು ವರ್ಷ ಹಳೆಯ ದಫ್ತರಗಳ ನಡುವೆ ಸಂಶೋಧನೆ ಮಾಡಿದ ಫಲವಿದು. ನಿವೃತ್ತನಾಗಿ ಕೀಲ್ಪಾಕಿನ ಫ್ಲ್ಯಾಟಿಗೆ ಬಂದ ಮೇಲೂ ಕೆಂಪು ಪೆನ್ಸಿಲ್ ಕೈಬಿಟ್ಟಿಲ್ಲ. ಹಾಲಿನ ಪ್ಯಾಕೆಟ್ಟಿನ ದಿನಾಂಕವನ್ನೂ ಪಂಚಾಂಗದೊಡನೆ ತಾಳೆ ನೋಡುತ್ತೇನೆಂದು ಪತ್ನಿ ಪದ್ಮಾ ನೆಂಟರಿಗೆಲ್ಲ ಹೇಳಿದ್ದಾಳೆ. ಅದು ಅತಿಶಯೋಕ್ತಿ. ಕ್ಯಾಲೆಂಡರಿನೊಡನೆ ಮಾತ್ರ ನೋಡುತ್ತೇನೆ.

ಇಂಥ ನಾನು ಕಳೆದ ಶನಿವಾರ ಪತ್ರಿಕೆ ಬಿಡಿಸಿ ದಿಗ್ಭ್ರಾಂತನಾದೆ. "ಮೆರವಣಿಗೆಯ ಮೇಲೆ ಉದ್ರಿಕ್ತ ಗುಂಪಿನ ದಾಳಿ" ಎಂಬ ಶೀರ್ಷಿಕೆ. ಘಟನೆ ನಮ್ಮ ಬೀದಿಯದು! ನಾನು ಅಲ್ಲಿಯೇ ಇದ್ದೆನಲ್ಲ? ಉತ್ಸವ ಗುಡಿಗೆ ಮರಳುವ ಹೊತ್ತಿಗೇ ಮಸೀದಿಯಿಂದ ಜನ ಹೊರಬಂದು, ನೂಕುನುಗ್ಗಲಾಗಿ, ಹೂವಿನ ಗಾಡಿಯೊಂದು ಮಗುಚಿತ್ತು. ನಾಲ್ಕು ಬೈಗುಳ ಹಾರಾಡಿದವು. ಎರಡೂ ಕಡೆಯವರು ಸೇರಿ ಗಾಡಿ ಎತ್ತಿದರು, ಅಷ್ಟೆ. ಅದಕ್ಕಿಂತ ದೊಡ್ಡ ಆಘಾತವೆಂದರೆ, ಇದೆಲ್ಲ "ಗುರುವಾರ, ಜುಮ್ಮಾ ನಮಾಜಿನ ನಂತರ" ನಡೆಯಿತಂತೆ. ಗುರುವಾರ ಜುಮ್ಮಾ! ಶುಕ್ರವಾರದ ನಮಾಜಿಗೇ ಅಲ್ಲವೇ ಆ ಹೆಸರು?

"ದಾಳಿಗಿಂತ ನಿಮಗೆ ಗುರುವಾರವೇ ಹೆಚ್ಚಾಯ್ತೇನ್ರೀ?" ಎಂದಳು ಪದ್ಮಾ.

ಕೂಡಲೇ ನಮ್ಮ ಕನ್ನಡ ಬಳಗದ ಮಾಸಿಕಕ್ಕೆ ನಿಜವಾದ ವರದಿಯೊಂದನ್ನು ಬರೆದೆ. ವಾರ, ತಿಥಿ, ಗಳಿಗೆ ಮೂರೂ ತಾಳೆಯಾದವು. ಸಂಜೆ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೆ ಮುನ್ನ ಎದುರುಮನೆಯ ಇಸ್ಮಾಯಿಲ್ ಸಾಹೇಬರಿಗೆ ಓದಲು ಕೊಟ್ಟೆ. ಚಿತ್ರದುರ್ಗದ ಕಡೆಯವರು, ರೈಲ್ವೆಯಿಂದ ನಿವೃತ್ತರು, ಹತ್ತು ವರ್ಷಗಳಿಂದ ನನ್ನ ಬೆಳಗಿನ ಕಾಫಿಯ ಜೊತೆಗಾರರು. ಹೊಗಳಿಕೆಗೆ ಕಾದು ಕುಳಿತೆ. ಅವರು ಎರಡು ಸಲ ಓದಿ, ನನ್ನ ಕೆಂಪು ಪೆನ್ಸಿಲ್ಲನ್ನೇ ಕೇಳಿ ಪಡೆದರು.

"ತಾರೀಖೆಲ್ಲ ಚೊಕ್ಕ ಐತೆ ರಾಯರೆ. ಉತ್ಸವದ ಕಡೆಯೋರು ಐದು ಜನ, ಹೆಸರು, ಕೆಲಸ ಸಮೇತ ಹಾಕಿದೀರಾ. ಪಲ್ಲಕ್ಕಿ ಹೊತ್ತ ಎಂಜಿನಿಯರು, ಬ್ಯಾಂಕಿನ ಮ್ಯಾನೇಜರು... ಸರಿ. ಈ ಕಡೆಯೋರು ಬರೀ 'ಒಂದು ಗುಂಪು'." ಪೆನ್ಸಿಲ್ ಅಲ್ಲಿಯೇ ನಿಂತಿತು. "ಆ ಗುಂಪಿನಾಗೆ ನಾನೂ ಇದ್ನಲ್ರೀ. ಕೆಳಗೆ ಬಿದ್ದ ನಿಮ್ಮ ಕನ್ನಡಕ ಎತ್ತಿಕೊಟ್ಟಿದ್ದು ಯಾರು, ಗುಂಪಾ?"

ಆ ಪತ್ರಿಕೆಗೂ ನನಗೂ ಇರುವ ಅಂತರ "ಉದ್ರಿಕ್ತ" ಎಂಬ ಒಂದು ಮಾತು ಮತ್ತು ಒಂದು ದಿನ ಮಾತ್ರ ಎಂದು ಆಗ ಹೊಳೆಯಿತು. "ಪದ್ಮಮ್ಮಾ, ಇವತ್ತು ಕಾಫಿ ಬ್ಯಾಡ" ಎಂದು ಸಾಹೇಬರು ಎದ್ದುಹೋದರು. ಹತ್ತು ವರ್ಷಗಳಲ್ಲಿ ಹಾಗೆ ಹೋದದ್ದೇ ಇಲ್ಲ.

ಮಧ್ಯಾಹ್ನವೆಲ್ಲ ಬೀದಿಯಲ್ಲಿ ಅಲೆದು, ಮಸೀದಿಯಿಂದ ಬಂದವರಲ್ಲಿ ಐವರ ಹೆಸರು ಕಲೆಹಾಕಿದೆ. ಹೂವಿನ ಗಾಡಿಯಾಕೆ ತಡೆದು, ತಮಿಳಿನಲ್ಲಿ "ಎನ್ ಪೇರುಮ್ ಪೋಡುಂಗ ಸಾರ್" ಎಂದಳು. ಅವಳ ಹೆಸರನ್ನೂ ಹಾಕಬೇಕಂತೆ. ಮಗುಚಿದ ಗಾಡಿ ಅವಳದೇ. ಅವಳ ಹೆಸರು ಪತ್ರಿಕೆಯಲ್ಲೂ ಇರಲಿಲ್ಲ, ನನ್ನ ವರದಿಯಲ್ಲೂ ಇರಲಿಲ್ಲ.

ಸಂಜೆ ಹೊಸ ಪ್ರತಿಯೊಡನೆ ಸಾಹೇಬರ ಬಾಗಿಲು ತಟ್ಟಿದೆ. ಮೊದಲ ಹೆಸರೇ ಅವರದು: ಇಸ್ಮಾಯಿಲ್ ಸಾಹೇಬರು, ನಿವೃತ್ತ ಸ್ಟೇಷನ್ ಮಾಸ್ಟರ್. ಓದುತ್ತ ಅವರ ಮುಖ ಅರಳಿತು. ಆಮೇಲೆ ಪೆನ್ಸಿಲ್ಲಿಗೆ ಕೈಚಾಚಿದರು.

"ಸ್ಟೇಷನ್ ಮಾಸ್ಟರ್ ಅಲ್ರೀ, ಗಾರ್ಡು. ಒಳಗೆ ಬರ್ರೀ, ಕಾಫಿ ಕುಡಿಯೋಣ."

ಹತ್ತು ವರ್ಷ ದಿನವೂ ಎದುರು ಕುಳಿತವರು ಮಾಡಿದ ಕೆಲಸವೇನೆಂದು ನಾನು ಒಮ್ಮೆಯೂ ತಾಳೆ ನೋಡಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಮಾತ್ರ ಒಂದು ದಿನವೂ ಬಿಟ್ಟವನಲ್ಲ.