ರಸೆಲ್, ಚೇಂಬರ್ಲಿನ್ ಮತ್ತು ನಮ್ಮ ಮನೆಯ ವಾಶ್‌ಬೇಸಿನ್

ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದುವರೆಗೆ ಎಲ್ಲರನ್ನೂ ಹೊಸಕಿ ಹಾಕಿ ಮೆರೆದ ಆಟಗಾರ ಯಾರು ಎಂಬ ಪ್ರಶ್ನೆಗೆ ಲೋಕದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ಸಿಗದೆ ಇರುವುದಕ್ಕೆ ಕಾರಣ ಇಷ್ಟೆ: ಲೋಕಕ್ಕೆ ಸಭೆ ನಡೆಸಲು ಬರುವುದಿಲ್ಲ. ನನಗೆ ಬರುತ್ತದೆ. ನಲವತ್ತೆರಡು ವರ್ಷ ಚಳವಳಿಯಲ್ಲಿ ಸವೆದ ಮನುಷ್ಯ ನಾನು. ಕಾರ್ಖಾನೆಯ ಗೇಟಿನ ಮುಂದೆ ಕೂತವನು, ಲಾಠಿ ತಿಂದವನು, ಒಬ್ಬರ ಮುಖ ಒಬ್ಬರು ನೋಡದ ಮೂರು ಬಣಗಳಿಂದ ಒಂದೇ ಠರಾವಿಗೆ ಕೈ ಎತ್ತಿಸಿದವನು. ಆದ್ದರಿಂದ ಮೊನ್ನೆ ಬೆಳಿಗ್ಗೆ ಮುಖ ತೊಳೆಯುವಾಗಲೇ ತೀರ್ಮಾನಿಸಿದೆ: ಇವತ್ತು ಹನ್ನೊಂದು ಗಂಟೆಯೊಳಗೆ ಈ ವಿಷಯ ನಮ್ಮ ಮನೆಯ ಹಜಾರದಲ್ಲಿ ಇತ್ಯರ್ಥವಾಗಬೇಕು, ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.

ಹನ್ನೊಂದೇ ಏಕೆಂದರೆ, ಆ ಹೊತ್ತಿಗೆ ಮನೆಯ ಮಾಲೀಕರು ಹೊಸ ಬಾಡಿಗೆ ಕರಾರು ಹಿಡಿದುಕೊಂಡು ಮೇಲೆ ಬರುವವರಿದ್ದರು. ಮಾಲೀಕರು ಹೆಂಗಸು, ಹಲ್ಲಿನ ಡಾಕ್ಟರು. ಕೆಳಗೆ ಅವರ ಕ್ಲಿನಿಕ್ಕು, ಮೇಲೆ ನಾವು. ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬಂದು ಸಹಿ ಹಾಕಿಸಿಕೊಂಡು ಹೋಗುತ್ತೇನೆ ಎಂದಿದ್ದರು.

ಇಲ್ಲಿ ನನ್ನ ಹೆಂಡತಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಅವಳು ಶಾಲೆಯ ಯೂನಿಫಾರ್ಮು ಹೊಲಿಯುತ್ತಾಳೆ. ನನ್ನನ್ನು ಕಟ್ಟಿಕೊಂಡ ಮೇಲೆ ಏಳು ಬಾಡಿಗೆ ಮನೆ ಕಂಡಿದ್ದಾಳೆ, ಏಳನ್ನೂ ಬಿಡಿಸಿದವನು ನಾನೇ. ಒಂದರಲ್ಲಿ ಬಾಡಿಗೆದಾರರ ನೀರಿನ ಸಮಿತಿ ಕಟ್ಟಿದೆ. ಒಂದರಲ್ಲಿ ಮಾಲೀಕನ ಬಾಗಿಲಿಗೇ ಬೇಡಿಕೆಪಟ್ಟಿ ಅಂಟಿಸಿದೆ. ಮತ್ತೊಂದರಲ್ಲಿ ಮಾಲೀಕನ ಅಡುಗೆಯವನನ್ನೇ ಮುಷ್ಕರಕ್ಕೆ ಎಬ್ಬಿಸಿದೆ. ಹೋರಾಟಗಳೆಲ್ಲ ಗೆದ್ದವು. ಮನೆಗಳೆಲ್ಲ ಹೋದವು.

ಇದು ಎಂಟನೆಯದು. ಇಲ್ಲಿ ಬಡಗಣ ಗೋಡೆಗೆ ಆಳೆತ್ತರದ ಕಿಟಕಿ ಇದೆ. ಅದರ ಕೆಳಗೆ ಅವಳ ಹೊಲಿಗೆ ಮಿಷನ್. ಆ ಬೆಳಕಿನಲ್ಲಿ ಅವಳು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಆರು ವರ್ಷದಿಂದ ಇದೇ ವಿಳಾಸಕ್ಕೆ ಗಿರಾಕಿಗಳು ಬರುತ್ತಾರೆ. ಆ ಬೆಳಿಗ್ಗೆ ಹೊಲಿದ ಬಟ್ಟೆಗಳ ಗಂಟು ಹೊತ್ತು ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು:

"ರೀ, ಇವತ್ತು ನನಗೋಸ್ಕರ ಒಂದೇ ಒಂದು ಕೆಲಸ ಮಾಡಿ."

"ಹೇಳು."

"ಏನೂ ಮಾಡಬೇಡಿ."

"ಅಂದ್ರೆ?"

"ಡಾಕ್ಟ್ರು ಬಂದ್ರೆ ಕೂತ್ಕೊಳಿ ಅನ್ನಿ. ಅಷ್ಟೇ. ಕರಾರು ಓದಬೇಡಿ, ತಿದ್ದುಪಡಿ ಹೇಳಬೇಡಿ, ಕೈ ಎತ್ತಬೇಡಿ. ಈ ಕಿಟಕಿ ಹೋಯ್ತು ಅಂದ್ರೆ ನಾನು ನಿಮ್ಮ ಹಿಂದೆ ಒಂಬತ್ತನೇ ಮನೆಗೆ ಬರಲ್ಲ. ಮಿಷನ್ ಎತ್ಕೊಂಡು ತಮ್ಮನ ಮನೆಗೆ ಹೋಗ್ತೀನಿ. ನಿಮಗೆ ಗೇಟಿನ ಮುಂದೆ ಕೂತು ಅಭ್ಯಾಸ ಇದೆಯಲ್ಲ, ಅಲ್ಲೇ ಇರಿ."

ತಮಾಷೆಯ ದನಿ ಅಲ್ಲ ಅದು. ನಾನು ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಬ್ಯಾಸ್ಕೆಟ್‌ಬಾಲ್ ಬಗ್ಗೆ ಅವಳು ಏನೂ ಹೇಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಅವಳು ಮೆಟ್ಟಿಲಿಳಿದ ಅರ್ಧ ಗಂಟೆಗೆ ಭಾವಮೈದ ಬಂದ. ಕರಾರಿಗೆ ಸಾಕ್ಷಿ ಹಾಕಲು ಅವಳೇ ಕರೆಸಿದ್ದಳು. ಬಸ್ ಡಿಪೋದಲ್ಲಿ ವೆಲ್ಡರ್ ಆಗಿದ್ದವನು. ಹೆಬ್ಬಾಗಿಲಿನಷ್ಟು ಅಗಲ. ಚಳವಳಿಯಲ್ಲಿ ನನ್ನ ಎದುರು ಬಣದವನು. ಆದರೂ ಪೊಲೀಸರು ಬಣ ನೋಡದೆ ನಮ್ಮಿಬ್ಬರನ್ನೂ ಒಮ್ಮೆ ನಲವತ್ತು ದಿನ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದರು. ಅಲ್ಲಿ ಓದಲು ಇದ್ದದ್ದು ಒಂದು ಹರಿದ ಬ್ಯಾಸ್ಕೆಟ್‌ಬಾಲ್ ಪತ್ರಿಕೆ. ಹರಿದು ಉಳಿದ ಪುಟ ಎರಡೇ. ಒಂದರಲ್ಲಿ ಬಿಲ್ ರಸೆಲ್, ಇನ್ನೊಂದರಲ್ಲಿ ವಿಲ್ಟ್ ಚೇಂಬರ್ಲಿನ್. ನನ್ನ ಕೈಗೆ ರಸೆಲ್ ಬಂದ, ಅವನ ಕೈಗೆ ಚೇಂಬರ್ಲಿನ್ ಹೋದ. ನಲವತ್ತು ದಿನ ಓದಿದೆವು, ಆಮೇಲೆ ನಲವತ್ತು ವರ್ಷ ಜಗಳ ಆಡಿದೆವು.

"ಇವತ್ತು ಮುಗಿಸೋಣ," ಎಂದೆ. "ಸಭೆ ಕರೆದಿದ್ದೀನಿ."

"ಅಧ್ಯಕ್ಷರು ಯಾರು ಭಾವ?"

"ನಿಮ್ಮಮ್ಮ."

ನಮ್ಮತ್ತೆ ಹಜಾರದ ಮೂಲೆಯ ಕುರ್ಚಿಯಲ್ಲಿ ಬೋಗುಣಿ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದರು. ಮಂಡಿನೋವಿನ ಹೆಂಗಸು. ಕೂತರೆ ಏಳುವುದಿಲ್ಲ. ಅಧ್ಯಕ್ಷರಿಗೆ ಇದಕ್ಕಿಂತ ದೊಡ್ಡ ಅರ್ಹತೆ ನಾನು ಕಂಡಿಲ್ಲ. ನಿಯಮಗಳನ್ನು ಓದಿ ಹೇಳಿದೆ. ಕೋರಂ ಮೂರು. ನಿರ್ಣಾಯಕ ಮತ ಅಧ್ಯಕ್ಷರದು. ಕೊನೆಯ ನಿಯಮ ನಾವಿಬ್ಬರೂ ಸೇರಿ ಹಿಂದೆ ಬರೆದದ್ದು: ಮತದಾನಕ್ಕೆ ಮುಂಚೆ ಸಭೆಯ ಹೊಸ್ತಿಲು ದಾಟಿದವನ ಗೊತ್ತುವಳಿ ಬಿದ್ದುಹೋಗತಕ್ಕದ್ದು. ಸೋಲುವ ಸೂಚನೆ ಸಿಕ್ಕಿದೊಡನೆ ಸಭಾತ್ಯಾಗ ಮಾಡಿ, ಹೊರಗೆ ಪತ್ರಕರ್ತರಿಗೆ ಹೇಳಿಕೆ ಕೊಡುವ ಚಟ ಆಗ ಇಬ್ಬರಿಗೂ ಇತ್ತು.

"ಒಂದೇ ಆಟದಲ್ಲಿ ನೂರು ಪಾಯಿಂಟು," ಎಂದು ಭಾವಮೈದ ಶುರುಮಾಡಿದ. "ನೂರು, ಅಮ್ಮ. ಒಬ್ಬನೇ."

"ಉಳಿದವರು ಏನ್ ಮಾಡ್ತಿದ್ರು?" ಎಂದರು ಅತ್ತೆ.

"ಅದೇ ಅತ್ತೆ ಪ್ರಶ್ನೆ," ಎಂದೆ. "ನೂರು ಹೊಡೆದವನು ಜಮೀನ್ದಾರ. ನನ್ನವನು ಹದಿಮೂರು ವರ್ಷ ಆಡಿ ಹನ್ನೊಂದು ಸಲ ತಂಡವನ್ನ ಚಾಂಪಿಯನ್ ಮಾಡಿದ. ಅದು ಸಂಘಟನೆ."

"ನಿಮ್ಮ ಸಂಘಟನೆ ನನಗೆ ಗೊತ್ತಿಲ್ವಾ ಭಾವ? ಐದು ಸಾವಿರ ಜನ ಅಂತ ಕರಪತ್ರ ಹಂಚಿ, ಮೆರವಣಿಗೆಗೆ ಬಂದೋರು ಅರವತ್ತು."

"ಅರವತ್ತೆರಡು."

"ಇಬ್ಬರು ಮಫ್ತಿ ಪೊಲೀಸರು."

ಅತ್ತೆ ಬಟಾಣಿಯ ಸಿಪ್ಪೆ ಎತ್ತಿ ಸಭೆಯನ್ನು ಸುಮ್ಮನಾಗಿಸಿದರು. "ನಾನು ಆ ಆಟಾನೇ ನೋಡಿಲ್ಲ. ನೋಡದೆ ಓಟು ಹಾಕಲ್ಲ. ಆಡಿ ತೋರಿಸಿ."

ಅಧ್ಯಕ್ಷರ ಆದೇಶ. ಮೀರುವ ಹಾಗಿಲ್ಲ.

ತಳ ಒಡೆದ ಬಕೆಟ್ಟು ಒಂದಿತ್ತು. ಹಜಾರದ ಗೋಡೆಯಲ್ಲಿ ಎತ್ತರಕ್ಕೆ ಮೊಳೆ ಇದ್ದದ್ದು ವಾಶ್‌ಬೇಸಿನ್ನಿನ ಮೇಲೆ ಮಾತ್ರ. ಕನ್ನಡಿ ಒಡೆಯಬಾರದು ಎಂಬ ಜವಾಬ್ದಾರಿಯಿಂದ ಅದನ್ನು ಇಳಿಸಿ ಒಳಗಿಟ್ಟು, ಬಕೆಟ್ಟನ್ನು ತಂತಿಯಿಂದ ಅಲ್ಲಿ ಬಿಗಿದೆ. ಹೆಂಡತಿಯ ಬಟ್ಟೆಚೂರುಗಳನ್ನು ಸುತ್ತಿ ಚೆಂಡು ಕಟ್ಟಿದೆವು. ಭಾವಮೈದ ಚೇಂಬರ್ಲಿನ್. ನಾನು ತಡೆಯುವುದರಲ್ಲಿ ಎತ್ತಿದ ಕೈಯಾದ ರಸೆಲ್. ಇಬ್ಬರ ವಯಸ್ಸೂ ಕೂಡಿದರೆ ನೂರಮೂವತ್ತು ದಾಟುತ್ತದೆ.

ಅಡುಗೆಮನೆಯ ಬಾಗಿಲಿನಿಂದ ಅವನು ಓಡಿಬಂದ. ನೆಲ ನಡುಗಿತು. ಹಾರಿದ ಎಂದು ಅವನು ಈಗಲೂ ಹೇಳುತ್ತಾನೆ. ನಾನು ನೋಡಿದಂತೆ ಹಿಮ್ಮಡಿ ಎದ್ದದ್ದು ನಿಜ. ನಾನು ಅಡ್ಡ ನುಗ್ಗಿ ಚೆಂಡಿಗೆ ಕೈ ಹಾಕಿದೆ. ಚೆಂಡು ಹೋಗಿ ಬಟಾಣಿ ಬೋಗುಣಿಯಲ್ಲಿ ಬಿತ್ತು. ಚೇಂಬರ್ಲಿನ್ ಬಕೆಟ್ಟಿನ ಅಂಚು ಹಿಡಿದು ನೇತಾಡಿದ. ಬಕೆಟ್ಟು, ತಂತಿ, ಮೊಳೆ, ಅಂಗೈಯಗಲ ಗಾರೆ ಎಲ್ಲವೂ ಸರ್ವಾನುಮತದಿಂದ ಕೆಳಗಿಳಿದವು. ಅವನು ವಾಶ್‌ಬೇಸಿನ್ನಿನಲ್ಲಿ ಕೂತ. ಅರ್ಧ ಗಳಿಗೆ ರಾಜನ ಹಾಗೆ ಕೂತೂ ಇದ್ದ. ಆಮೇಲೆ ಬೇಸಿನ್ ಗೋಡೆ ಬಿಟ್ಟಿತು, ಪೈಪು ಮುರಿಯಿತು, ನೀರು ಚಿಮ್ಮಿ ನನ್ನ ಎದೆಗೆ ಬಡಿಯಿತು. ಪೊಲೀಸರ ಜಲಫಿರಂಗಿ ನೆನಪಾಗಿ ಒಂದು ಕ್ಷಣ ಘೋಷಣೆ ಕೂಗಬೇಕೆನಿಸಿದ್ದು ಸುಳ್ಳಲ್ಲ.

"ವಾಲ್ವ್ ಎಲ್ಲಿದೆ ಭಾವ?" ನೆಲದ ಮೇಲೆ ಕೂತೇ ಕೇಳಿದ.

"ಹೊರಗೆ. ಮೆಟ್ಟಿಲ ಪಕ್ಕದ ಗೋಡೇಲಿ."

"ಹೋಗಿ ತಿರುಗಿಸಿ ಬನ್ನಿ."

ಎರಡು ಹೆಜ್ಜೆ ಇಟ್ಟೆ. ನಿಂತೆ. ಅವನ ಮುಖದಲ್ಲಿ ಸಣ್ಣ ನಗು ಇತ್ತು.

"ನಾನು ಹೊಸ್ತಿಲು ದಾಟಿದ್ರೆ ರಸೆಲ್ ಬಿದ್ದುಹೋಗ್ತಾನೆ."

"ನಿಯಮ ನಿಯಮವೇ."

"ನೀನು ಹೋಗು. ಮುರಿದವನು ನೀನು."

"ತಳ್ಳಿದೋರು ನೀವು."

ನೀರು ಹಜಾರ ತುಂಬಿ ಮಿಷನ್ನಿನ ಕಡೆ ಹೊರಟಿತು. ಅತ್ತೆ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡರು. "ಯಾರಾದ್ರೂ ಒಬ್ಬರು ಹೋಗ್ರೋ."

"ಸಭೆಯನ್ನು ಹತ್ತು ನಿಮಿಷ ಮುಂದೂಡಬೇಕೆಂದು ಸೂಚಿಸ್ತೀನಿ," ಎಂದೆ.

"ಅನುಮೋದನೆ ಇಲ್ಲ," ಎಂದ ಭಾವಮೈದ. "ಸೋಲೋ ಹೊತ್ತಿಗೆಲ್ಲ ನೀವು ಮುಂದೂಡೋರೇ. ಆ ಕಾರ್ಖಾನೆ ಗೇಟ್ ಸಭೆಯಲ್ಲೂ ಹಂಗೇ ಮಾಡಿದ್ರಿ."

"ಆ ಗೇಟ್ ಸಭೆಗೆ ನೀನು ಬಂದೇ ಇರಲಿಲ್ಲ."

"ನೀವು ನೋಟೀಸೇ ಕೊಡಲಿಲ್ಲ."

ಆ ನೋಟೀಸಿನ ವಿಷಯ ಸ್ವಲ್ಪ ದೀರ್ಘವಾಯಿತು. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಆದರೆ ನಮ್ಮ ಬದುಕಿನಲ್ಲಿ ಉಳಿದಿರುವ ಆಸ್ತಿ ನಿಯಮ ಒಂದೇ. ಅದನ್ನೂ ನೀರಿಗೆ ಹೆದರಿ ಬಿಟ್ಟರೆ ಲಾಠಿ ತಿಂದದ್ದು ಯಾಕೆ? ಕೊನೆಗೆ ನಾನೇ ಒಂದು ಸಂಧಾನಸೂತ್ರ ಮುಂದಿಟ್ಟೆ: ಇಬ್ಬರೂ ಏಕಕಾಲಕ್ಕೆ, ಭುಜಕ್ಕೆ ಭುಜ ಕೊಟ್ಟು ಹೊಸ್ತಿಲು ದಾಟುವುದು. ಅವನು ಒಪ್ಪಿದ. ಕೈ ಕುಲುಕಿದೆವು. ಒಂದು, ಎರಡು, ಮೂರು ಎಂದು ಬಲಗಾಲು ಎತ್ತಿಟ್ಟೆವು.

ಬಾಗಿಲ ಅಗಲದ ಮಾತನ್ನು ಸಂಧಾನದಲ್ಲಿ ಯಾರೂ ಎತ್ತಿರಲಿಲ್ಲ. ಸೊಂಟದ ಹತ್ತಿರ ಸಿಕ್ಕಿಕೊಂಡೆವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನೀರು ಮಾತ್ರ ನಮ್ಮ ಕಾಲುಗಳ ಸಂದಿಯಲ್ಲಿ ನುಸುಳಿ, ಯಾರ ಅನುಮತಿಯೂ ಕೇಳದೆ ಹೊಸ್ತಿಲು ದಾಟಿ ಮೆಟ್ಟಿಲಿಳಿಯಿತು. ಅದೇ ಮೆಟ್ಟಿಲಲ್ಲಿ ಡಾಕ್ಟರು ಹತ್ತಿಬಂದರು. ಬಾಯಿಗೆ ಮಾಸ್ಕು, ಹಣೆಗೆ ದೀಪ, ಕೈಯಲ್ಲಿ ಕರಾರು. ದೀಪ ಉರಿಯುತ್ತಲೇ ಇತ್ತು. ಅದರ ಬೆಳಕನ್ನು ಮೊದಲು ನನ್ನ ಮುಖಕ್ಕೆ, ಆಮೇಲೆ ಅವನ ಮುಖಕ್ಕೆ ಬಿಟ್ಟರು.

"ನನ್ನ ಕುರ್ಚೀಲಿ ಒಬ್ಬರು ಬಾಯಿ ತೆರೆದು ಮಲಗಿದಾರೆ," ಎಂದರು. "ನಾನಿನ್ನೂ ಮುಕ್ಕಳಿಸಿ ಅಂತ ಹೇಳೇ ಇಲ್ಲ. ಮೇಲಿಂದ ನೀರು ಬೀಳ್ತಿದೆ."

ಮಾತು ಕೊಟ್ಟದ್ದು ನೆನಪಾಯಿತು. "ಕೂತ್ಕೊಳಿ ಡಾಕ್ಟ್ರೇ," ಎಂದೆ.

ಅವರು ಕೂರಲಿಲ್ಲ. ಕೈ ಚಾಚಿ ವಾಲ್ವನ್ನು ಎರಡು ಸುತ್ತು ತಿರುಗಿಸಿದರು. ನೀರು ನಿಂತಿತು. ಒಳಗಿನಿಂದ ಅತ್ತೆಯ ದನಿ ಬಂತು: "ಇಬ್ಬರೂ ಹೊಸ್ತಿಲು ದಾಟಿದಿರಿ. ಇಬ್ಬರದೂ ಬಿತ್ತು. ಸಭೆ ಮುಗೀತು."

"ಅರ್ಧ ಮೈ ಒಳಗೇ ಇದೆ ಅಮ್ಮ," ಎಂದು ಭಾವಮೈದ ಕೂಗಿದ.

ಆಗ ಡಾಕ್ಟರ ಹಿಂದೆ ನನ್ನ ಹೆಂಡತಿ ಕಂಡಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಖಾಲಿ ಚೀಲ. ಕೂಗಾಡಿದ್ದರೆ ಧೈರ್ಯ ಬರುತ್ತಿತ್ತು. ಕೂಗಾಡುವವರನ್ನು ಎದುರಿಸಿ ಗೊತ್ತು ನನಗೆ. ಅವಳು ನಮ್ಮಿಬ್ಬರ ನಡುವೆ ಅಂಗೈ ಇಟ್ಟು ಒಳಕ್ಕೆ ತಳ್ಳಿದಳು, ಮಿಷನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ನೀರು ಗೇಣು ದೂರದಲ್ಲಿ ನಿಂತಿತ್ತು. ಎದ್ದು ನಿಂತು ಕಿಟಕಿಯನ್ನು ಒಂದು ಸಲ ನೋಡಿದಳು. ಆ ನೋಟದಲ್ಲಿ ನನಗೆ ಅವಳ ತಮ್ಮನ ಮನೆಯ ದಾರಿ ಕಂಡಿತು.

ಆದರೂ ಹಳೇ ಚಟ ಎದ್ದಿತು. "ಡಾಕ್ಟ್ರೇ, ಪೈಪು ಹಳೇದು. ದುರಸ್ತಿ ಮಾಲೀಕರ ಹೊಣೆ ಅಂತ..."

"ರೀ," ಎಂದಳು ಹೆಂಡತಿ. ನಿಲ್ಲಿಸಿದೆ.

ಅವಳು ಡಾಕ್ಟರ ಕಡೆ ತಿರುಗಿದಳು. "ಸಾಯಂಕಾಲದೊಳಗೆ ಪೈಪು, ಬೇಸಿನ್ನು ಎರಡೂ ಸರಿಯಾಗಿರುತ್ತೆ ಮೇಡಂ, ನನ್ನ ತಮ್ಮ ಮಾಡ್ತಾನೆ. ನಿಮ್ಮ ಕ್ಲಿನಿಕ್ಕು ಇವರು ಒರೆಸ್ತಾರೆ. ಈ ಕಿಟಕಿ ಮಾತ್ರ ನನಗೆ ಬೇಕು. ಮನೆ ಬಿಡು ಅನ್ನೋದಾದ್ರೆ ಈಗಲೇ ಹೇಳಿಬಿಡಿ."

ಡಾಕ್ಟರು ಮಾಸ್ಕು ಇಳಿಸಿ, ನೀರಿನಲ್ಲಿ ತೇಲುತ್ತಿದ್ದ ಬಕೆಟ್ಟನ್ನೂ ಕಾಲೆತ್ತಿ ಕೂತಿದ್ದ ಅಧ್ಯಕ್ಷರನ್ನೂ ನೋಡಿದರು. "ನಿಮ್ಮಿಂದ ಆರು ವರ್ಷದಲ್ಲಿ ನನಗೆ ಒಂದು ದಿನ ತೊಂದರೆ ಆಗಿಲ್ಲ. ಆದ್ರೆ ಕರಾರು ನಿಮ್ಮ ಹೆಸರಲ್ಲಿ ಆಗ್ಲಿ."

ಕಾಗದದಲ್ಲಿ ನನ್ನ ಹೆಸರಿತ್ತು. ಒಂದೇ ಗೆರೆಯಲ್ಲಿ ಹೊಡೆದು ಹಾಕಿದರು. ಪೊಲೀಸರು ಕೂಡ ನನ್ನ ಹೆಸರನ್ನು ಯಾವ ಪಟ್ಟಿಯಿಂದಲೂ ಅಷ್ಟು ಸಲೀಸಾಗಿ ತೆಗೆದವರಲ್ಲ. ಆದರೂ ಜೀವ ಬಂತು. ಮನೆ ಉಳಿಯಿತು, ಕಿಟಕಿ ಉಳಿಯಿತು, ಹೆಂಡತಿಯೂ ಉಳಿದಳು. ಅವಳು ಮಿಷನ್ನಿನ ಹಲಗೆಯ ಮೇಲೆ ಕಾಗದ ಹರಡಿಕೊಂಡು ಒಂದೊಂದೇ ಕಾಲಂ ತುಂಬತೊಡಗಿದಳು. ಕೆಳಗೆ ಕ್ಲಿನಿಕ್ಕು ಇರುವುದರಿಂದ ಡಾಕ್ಟರೇ ಸೇರಿಸಿದ ಒಂದು ಕಾಲಂ ಇತ್ತು: ಮನೆಯಲ್ಲಿ ಹೆಚ್ಚು ಸದ್ದು ಮಾಡುವ ವಸ್ತುಗಳು. ಅಲ್ಲಿ ಅವಳು ಪ್ರಾಮಾಣಿಕವಾಗಿ ಬರೆದಳು: ಹೊಲಿಗೆ ಮಿಷನ್, ಒಂದು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಪ್ರತ್ಯಕ್ಷರಾದರು. ಎದೆಗೆ ಕ್ಲಿನಿಕ್ಕಿನ ಟವೆಲು, ಒಂದು ಕೆನ್ನೆ ಮರಗಟ್ಟಿ ಜೋತುಬಿದ್ದಿದೆ. ನಮ್ಮ ನೀರು ಕುಡಿದವರು ಇವರೇ. ಡಾಕ್ಟರನ್ನು ಹುಡುಕಿಕೊಂಡು ಬಂದವರು ನಮ್ಮನ್ನು ಕಂಡು ನಿಂತರು.

"ಕೆಳಗೆ ಎಲ್ಲಾ ಕೇಳಿಸ್ತಿತ್ತು," ಎಂದರು ಒಂದೇ ಕೆನ್ನೆಯಲ್ಲಿ. "ಬಾಯಿ ತುಂಬ ಹತ್ತಿ ಇತ್ತು, ಹೇಳಕ್ಕಾಗಲಿಲ್ಲ. ನೀವಿಬ್ಬರು ಹೇಳ್ತಿರೋದೂ ತಪ್ಪು. ಮೆರೆದೋನು ಜೋರ್ಡನ್."

ನಾನು ಭಾವಮೈದನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನಲವತ್ತು ವರ್ಷದಲ್ಲಿ ಮೊದಲ ಸಲ ಎರಡು ಬಣಗಳು ಒಂದಾದವು.

"ಯಾವ ಜೋರ್ಡನ್ ರೀ? ಹನ್ನೊಂದಲ್ಲ, ಬರೀ ಆರು ಸಲ ಗೆದ್ದೋನಾ?"

"ನೂರು ಹೊಡೆದಿದ್ನಾ? ಒಂದು ಸಲ ಹೊಡೆದದ್ದು ತೋರ್ಸಿ ನೋಡೋಣ."

"ನಮ್ಮ ಪತ್ರಿಕೇಲಿ ಅವನ ಪುಟವೇ ಇಲ್ಲ."

"ಟೀವೀಲಿ ನೋಡಿದ್ದನ್ನೆಲ್ಲ ತಂದು ಸಭೇಲಿ ಹೇಳ್ಬೇಡಿ."

ಅವರೂ ಬಿಡಲಿಲ್ಲ, ಇದ್ದ ಅರ್ಧ ಬಾಯಲ್ಲೇ ಪಟ್ಟು ಹಿಡಿದರು. ಅತ್ತೆ ಬೋಗುಣಿ ಬಡಿದರು. ಕಿಟಕಿಯ ಗಾಜು ಗಲಗಲ ಎಂದಿತು. ನನ್ನ ದನಿ ಮೈಕಿಲ್ಲದೆ ಮೂರು ಬೀದಿ ಮುಟ್ಟುತ್ತದೆ, ಭಾವಮೈದನದು ನಾಲ್ಕು. ಡಾಕ್ಟರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತದ್ದು ಕಂಡ ಮೇಲೆ ನಾವು ಒಬ್ಬೊಬ್ಬರಾಗಿ ತಗ್ಗಿದೆವು.

ಮನೆ ನಿಶ್ಶಬ್ದವಾದಾಗ ಹೆಂಡತಿ ಇನ್ನೂ ಬರೆಯುತ್ತಿದ್ದಳು. ಬಗ್ಗಿ ನೋಡಿದೆ. ಸದ್ದು ಮಾಡುವ ವಸ್ತುಗಳ ಕಾಲಮ್ಮಿನಲ್ಲಿ, ಹೊಲಿಗೆ ಮಿಷನ್ನಿನ ಕೆಳಗೆ, ದುಂಡಗಿನ ಅಕ್ಷರದಲ್ಲಿ ಎರಡನೇ ಸಾಲು: ಗಂಡ, ಒಂದು. ಭಾವಮೈದ ಪಕ್ಕೆ ಹಿಡಿದು ನಕ್ಕ. ಅವಳು ತಲೆ ಎತ್ತದೆ ಮೂರನೇ ಸಾಲು ಸೇರಿಸಿದಳು: ತಮ್ಮ, ಬಂದಾಗ ಮಾತ್ರ.

ಡಾಕ್ಟರು ಕಾಗದ ತೆಗೆದುಕೊಂಡು ಹಣೆಯ ದೀಪದ ಬೆಳಕಿನಲ್ಲಿ ನಿಧಾನವಾಗಿ ಓದಿದರು. ಪೆನ್ನು ಕೇಳಿ ಪಡೆದು ಮೊದಲನೇ ಸಾಲನ್ನು ಅಡ್ಡಗೆರೆ ಎಳೆದು ಹೊಡೆದರು.

"ಮಿಷನ್ ಬೇಡ ತೆಗೀರಿ," ಎಂದರು. "ಆರು ವರ್ಷದಲ್ಲಿ ಅದರ ಸದ್ದು ನನಗೆ ಒಂದು ಸಲವೂ ಕೇಳಿಸಿಲ್ಲ."