ಚಿಕ್ಕಪ್ಪನ ಬಲಗಾಲು

ನಮ್ಮ ಚಿಕ್ಕಪ್ಪ ಸೋಫಾಕ್ಕೂ ಬ್ರೇಕ್ ಹಾಕಬಲ್ಲವರು! ನಂಬುವುದಿಲ್ಲವೇ? ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ಅವರೇನೋ ನಿವೃತ್ತರಾದರು, ಅವರ ಬಲಗಾಲು ಮಾತ್ರ ಆಗಲಿಲ್ಲ. ಟೀವಿಯಲ್ಲಿ ಲಾರಿ ಅಡ್ಡ ಬಂದರೆ ಸಾಕು, ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತವರು ದಬ್ ಎಂದು ನೆಲ ತುಳಿಯುತ್ತಿದ್ದರು. ಒಮ್ಮೆ ಆ ಕಾಲಿನಡಿ ಚಿಕ್ಕಮ್ಮ ಆರಹಾಕಿದ್ದ ಹಪ್ಪಳವಿತ್ತು. "ಆಕ್ಸಿಡೆಂಟ್ ತಪ್ತಲ್ಲ, ಅಪ್ಪಳ ಓದ್ರೆ ಓಗ್ಲಿ ಬಿಡು" ಅಂದರು.

ನನ್ನ ಕಾರು ಹತ್ತಿದರಂತೂ ಮುಗಿಯಿತು! ಎಡಗಡೆಯ ಸೀಟಿನ ಮುಂದೆ ಪೆಡಲ್ ಎಲ್ಲಿರುತ್ತದೆ ಹೇಳಿ? ಹೆಬ್ಬಾಳದ ಮೇಲ್ಸೇತುವೆ ಇಳಿಯುವಷ್ಟರಲ್ಲಿ ಹತ್ತು ಸಲ ಮ್ಯಾಟ್ ತುಳಿದು, "ನಾನಿಲ್ದಿದ್ರೆ ಇವತ್ತು ನೀನು ಆಲಿನ ಟೆಂಪೋ ಒಳಗಿರ್ತಿದ್ದೆ ಕಣ್ಲಾ" ಎನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಅವರ ಹಳೇ ವ್ಯಾನಿನಲ್ಲಿ ಪಕ್ಕ ಕೂರುತ್ತಿದ್ದೆ. ಸೀಟ್ ಬೆಲ್ಟ್ ಯಾರೂ ಕಂಡಿರದ ಕಾಲ. ಅವರ ಕಾಲು ಬ್ರೇಕಿಗೆ ಹೋದಾಗಲೆಲ್ಲ ಎಡಗೈ ಬಂದು ನನ್ನ ಎದೆಗೆ ಅಡ್ಡ ನಿಲ್ಲುತ್ತಿತ್ತು.

ಆಯುಧಪೂಜೆಯ ದಿನ ಮನೆಯ ಎಲ್ಲ ಗಾಡಿಗಳನ್ನೂ ನಿಂಬೆಹಣ್ಣಿನ ಮೇಲೆ ಹಾಯಿಸುವ ಹಕ್ಕು ಅವರೊಬ್ಬರದೇ. ಬೇರೆ ಯಾರಾದರೂ ಕೀಲಿಗೆ ಕೈ ಹಾಕಿದರೋ, "ನಾಕ್ ಚಕ್ರದಡಿ ನಾಕೂ ಒಟ್ಗೇ ಟಪ್ ಅನ್ಬೇಕು. ನಿಮ್ಮಂತೋರ್ ಕಾಲಿಗೆ ಅದು ಬರಾಕಿಲ್ಲ!"

ಕಳೆದ ವರ್ಷ ನಡೆಯುವಾಗ ಅವರ ಬಲಗಾಲಿನ ಚಪ್ಪಲಿ ಕಳಚಿ ಬೀಳತೊಡಗಿತು. ಚಪ್ಪಲಿ ಹಿಂದೆ, ಇವರು ಮುಂದೆ! "ಚಿಕ್ಕಪ್ಪ, ದೇವಸ್ಥಾನ ಇನ್ನೂ ದೂರ ಇದೆ, ಈಗಲೇ ಯಾಕೆ ಬಿಟ್ರಿ?" ಎಂದು ನಾನು ನಗುತ್ತಿದ್ದೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಯಲಹಂಕದ ಡಾಕ್ಟರೊಬ್ಬರು ಪುಟ್ಟ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಕಾಲು ಛಂಗನೆ ಹಾರಿತು! ಡಾಕ್ಟರ ಕನ್ನಡಕ ಸ್ವಲ್ಪದರಲ್ಲಿ ಉಳಿಯಿತು. "ನೋಡುದ್ರಾ ಸಾರ್, ಕಾಲು ಎಂಗೈತೆ!" ಎಂದು ಚಿಕ್ಕಪ್ಪ ಮೀಸೆ ತಿರುವಿದರು. ಇನ್ನಷ್ಟು ಪರೀಕ್ಷೆ ಮಾಡಿ ವರದಿ ಬರುವವರೆಗೆ ಎರಡು ವಾರ ಮನೆಯಲ್ಲಿ ದಿನಾ ಬೆಳಿಗ್ಗೆ ಇದೇ ಉತ್ಸವ. ಚಿಕ್ಕಮ್ಮ ಲಟ್ಟಣಿಗೆ ಹಿಡಿದು ಮಂಡಿಗೆ ತಟ್ಟುವುದು, ಕಾಲು ಹಾರುವುದು, ನಾವೆಲ್ಲ ಚಪ್ಪಾಳೆ ಹೊಡೆಯುವುದು. "ನೆನ್ನೆಗಿಂತ ಜೋರಾಗೈತೆ!" ಎಂದು ಒಂದು ದಿನ ಕೇಸರಿಬಾತ್ ಕೂಡ ಆಯಿತು.

ವರದಿ ಬಂತು. ಮಂಡಿಗೆ ಬಿದ್ದ ಪೆಟ್ಟಿನ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಕಾಲೆತ್ತುವ ಆಜ್ಞೆ ಅಲ್ಲಿಂದಲೇ ಮರಳುತ್ತದೆ, ಮೆದುಳಿನ ಅಪ್ಪಣೆಗೆ ಅದು ಕಾಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು.

"ಅಂದ್ರೆ ಮೆಜೆಸ್ಟಿಕ್‌ಗೆ ಓಗ್ಬೇಕಾದ ಬಸ್ಸು ಯಶವಂತಪುರದಾಗೇ ತಿರುಗ್ಸ್ಕೊಂಡು ವಾಪಸ್ ಬಂದಂಗೆ" ಅಂದರು ಚಿಕ್ಕಪ್ಪ.

"ಹೌದು. ಆದ್ರೆ ಬೇಕು ಅಂತ ಕಾಲು ಎತ್ತೋಕೆ ಮೆದುಳೇ ಹೇಳ್ಬೇಕು. ಅದರ ಮಾತನ್ನ ಸ್ನಾಯುಗಳಿಗೆ ತಲುಪಿಸೋ ನರಕೋಶಗಳು ನಿಮ್ಮಲ್ಲಿ ಒಂದೊಂದೇ ಸಾಯ್ತಿವೆ."

"ಮತ್ತೆ ಅಷ್ಟು ಜೋರಾಗಿ ಒದೀತದಲ್ಲ ಸಾರ್?" ಎಂದರು ಚಿಕ್ಕಮ್ಮ.

"ಅದನ್ನೂ ಮೆದುಳು ಹಿಡಿತದಲ್ಲಿ ಇಟ್ಕೊಂಡಿರುತ್ತೆ ಅಮ್ಮ. ಆ ಹಿಡಿತ ಹೋಗ್ತಿರೋದಕ್ಕೇ ಅಷ್ಟು ಜೋರು."

ನಾವು ಕೇಸರಿಬಾತ್ ತಿಂದದ್ದು ಕಾಯಿಲೆ ಹೆಚ್ಚಾದ ಖುಷಿಗೆ! ಅವತ್ತಿನಿಂದ ಚಿಕ್ಕಮ್ಮ ಲಟ್ಟಣಿಗೆ ಮುಟ್ಟಿಲ್ಲ, ಆ ಮನೆಯಲ್ಲಿ ಚಪಾತಿಯೇ ಇಲ್ಲ. ಇದು ಗುಣವಾಗುವ ಕಾಯಿಲೆಯಲ್ಲ ಎಂದಾಗಲೂ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು. "ಆಯುಧಪೂಜೆಗೆ ಇನ್ನೂ ನಾಕು ತಿಂಗ್ಳೈತೆ. ಅಲ್ಲೀಗಂಟ ಕಾಲು ನಡೀತದಾ ಸಾರ್?" ಡಾಕ್ಟರು ವರದಿಯ ಹಾಳೆಗಳನ್ನು ಜೋಡಿಸುತ್ತ ಕೂತರು.

ನಡೆಯಲಿಲ್ಲ. ಪೂಜೆಯ ದಿನ ನಾನೂ ತಮ್ಮನೂ ಅವರನ್ನು ಎತ್ತಿ ನನ್ನ ಕಾರಿನ ಸ್ಟೀರಿಂಗ್ ಮುಂದೆ ಕೂರಿಸಿದೆವು. ಬಲಗಾಲನ್ನು ನಾನೇ ಪೆಡಲ್ ಮೇಲಿಟ್ಟೆ. ಅವರು ಅದನ್ನೇ ನೋಡುತ್ತ, ತುಟಿ ಕಚ್ಚಿ, ತುಂಬ ಹೊತ್ತು ಕೂತರು. ಕಾಲು ಕದಲಲಿಲ್ಲ. ಊದುಬತ್ತಿ ಉರಿದು ಮುಗಿಯಿತು. ಕೊನೆಗೆ ಅವರೇ, "ಆ ಕಡೆ ಕೂರುಸ್ರಲಾ. ನೀನೇ ಓಡ್ಸು" ಅಂದರು.

ಓಡಿಸಿದೆ. ಮೂರು ನಿಂಬೆಹಣ್ಣು ಟಪ್ ಅಂದವು, ನಾಲ್ಕನೆಯದು ಜಾರಿ ಮೋರಿಗೆ ಬಿತ್ತು. "ಬರಾಕಿಲ್ಲ ಅಂದಿರ್ನಿಲ್ವಾ?" ಎಂದು ಚಿಕ್ಕಪ್ಪ ಅನ್ನುವಷ್ಟರಲ್ಲಿ ನಾಯಿಯೊಂದು ಅಡ್ಡ ಓಡಿ ಬಂತು. ಬ್ರೇಕ್ ತುಳಿದೆ. ಪಕ್ಕದಿಂದ ಬರಬೇಕಾದ ಆ ದಬ್ ಸದ್ದಿಗಾಗಿ ನನ್ನ ಕಿವಿ ಕಾಯುತ್ತಿತ್ತು. ಬರಲಿಲ್ಲ. ನೋಡಿದರೆ, ನನ್ನ ಎಡಗೈ ಅವರ ಎದೆಗೆ ಅಡ್ಡ ಹೋಗಿ ನಿಂತಿತ್ತು!

ಚಿಕ್ಕಪ್ಪ ಆ ಕೈಯನ್ನೇ ನೋಡಿದರು. "ಬೇಕು ಅಂತ ಇಟ್ಟೇನ್ಲಾ?"

"ಇಲ್ಲ ಚಿಕ್ಕಪ್ಪ. ಅದೇ ಹೋಯ್ತು."

"ಯಶವಂತಪುರದಿಂದಾನೇ ವಾಪಸ್ ಬಂತು ಅನ್ನು" ಎಂದು ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು, ನನ್ನದೂ.

ಹಿಂದಿನ ಗಾಡಿಯವರು ಹಾರನ್ ಹೊಡೆಯುತ್ತಿದ್ದರು. ಚಿಕ್ಕಪ್ಪನ ಹೊಸ ಅಂಗಿಯೊಳಗೆ ಎದೆಯ ಮೂಳೆಗಳು ನನ್ನ ಅಂಗೈಗೆ ಸಿಗುತ್ತಿದ್ದವು. ಕೈ ತಾನಾಗಿ ಹೋದದ್ದು ನಿಜ. ಅದನ್ನು ತೆಗೆಯದೆ ಅಲ್ಲೇ ಇಟ್ಟುಕೊಂಡದ್ದು ಮಾತ್ರ ನಾನು, ಬೇಕು ಅಂತಲೇ.